ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸನೇ ಬೆಂಗಳೂರು ಕೋಟೆಗೂ ಲಗ್ಗೆ ಹಾಕಿದವನೇ?

ಕೋಟೆಬೀದಿ

ಕಳೆದ ಭಾನುವಾರ ಮಗನನ್ನು ಕರೆದುಕೊಂಡು ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರದ ಬೆಂಗಳೂರು ಕೋಟೆಗೆ ಹೋಗಿದ್ದೆ. ಅಲ್ಲಿಯ ಗೋಡೆಯಲ್ಲಿ ಒಂದು ಸಣ್ಣ ಫಲಕವಿದೆ. 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷರು ಲಗ್ಗೆ ಹಾಕಿದರು ಎಂದಷ್ಟೇ ಅದರಲ್ಲಿ ಬರೆದಿದೆ. ದಾಳಿ ಮಾಡಿದವನ ಹೆಸರೂ ಇಲ್ಲ, ಕೋಟೆ ಕಾಯುತ್ತಾ ಸತ್ತವನ ಹೆಸರೂ ಇಲ್ಲ. ನನಗೆ ಗೊತ್ತಿದ್ದಷ್ಟು ಹೇಳಿದೆ: ದಾಳಿಯ ನಾಯಕ ಲಾರ್ಡ್ ಕಾರ್ನ್‌ವಾಲಿಸ್, ಕೋಟೆಯ ಕಿಲ್ಲೇದಾರ ಬಹಾದೂರ್ ಖಾನ್.

ಮಗ ಒಂಬತ್ತನೆಯ ತರಗತಿ. "ಅಮೆರಿಕದಲ್ಲಿ ವಾಷಿಂಗ್ಟನ್ನನಿಗೆ ಶರಣಾದವನ ಹೆಸರೂ ಕಾರ್ನ್‌ವಾಲಿಸ್ ಅಲ್ಲವೇ, ಇವರಿಬ್ಬರು ಅಣ್ಣತಮ್ಮಂದಿರೇ?" ಎಂದು ಕೇಳಿದ. ಇರಬಹುದು ಎಂದು ಹೇಳಿ ಹೂವಿನ ಗಲಾಟೆಯಲ್ಲಿ ಜಾರಿಕೊಂಡೆ. ಮನೆಗೆ ಬಂದು ನೋಡಿದರೆ ಅಣ್ಣತಮ್ಮಂದಿರಲ್ಲ, ಒಬ್ಬನೇ! ಅಲ್ಲಿ ಶರಣಾಗಿದ್ದು 1781ರ ಅಕ್ಟೋಬರ್, ಇಲ್ಲಿ ಕೋಟೆ ಹಿಡಿದದ್ದು 1791ರ ಮಾರ್ಚ್. ನಡುವೆ ಹತ್ತು ವರ್ಷವೂ ಇಲ್ಲ.

ನಮ್ಮ ಕಚೇರಿಯಲ್ಲಿ ಒಂದು ಕಡತ ಕಳೆದುಕೊಂಡ ಗುಮಾಸ್ತನ ಬಡ್ತಿ ನಾಲ್ಕು ವರ್ಷ ನಿಂತುಹೋಯಿತು. ಇಡೀ ಸೈನ್ಯವನ್ನೇ ಶತ್ರುವಿಗೆ ಒಪ್ಪಿಸಿದವನಿಗೆ ಅದಕ್ಕಿಂತ ದೊಡ್ಡ ಹುದ್ದೆ ಸಿಕ್ಕಿದ್ದು ಹೇಗೆ? ತಿಳಿದವರು ಹೇಳಬೇಕು.

ನಿವೃತ್ತಮೇಷ್ಟ್ರು

ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ, ಯಾವ ವಿದ್ಯಾರ್ಥಿಯೂ ಇದನ್ನು ಕೇಳಲಿಲ್ಲ. ಕಾರ್ನ್‌ವಾಲಿಸ್ ಎಂದರೆ "ಕಾಯಂ ಜಮೀನ್ದಾರಿ ಪದ್ಧತಿ, 1793" ಎಂದು ಬಾಯಿಪಾಠ ಮಾಡಿಸಿ ಮುಂದೆ ಹೋಗುವುದೇ ನಮ್ಮ ಅಭ್ಯಾಸವಾಗಿತ್ತು.

ಉತ್ತರ ಅವನ ಹುಟ್ಟಿನಿಂದ ಶುರುವಾಗುತ್ತದೆ. ಚಾರ್ಲ್ಸ್ ಕಾರ್ನ್‌ವಾಲಿಸ್ ಹುಟ್ಟಿದ್ದು 1738ರ ಡಿಸೆಂಬರ್ 31ರಂದು, ಲಂಡನ್ನಿನ ಗ್ರೋವ್‌ನರ್ ಸ್ಕ್ವೇರಿನಲ್ಲಿ. ಮನೆತನದ ಆಸ್ತಿ ಇಂಗ್ಲೆಂಡಿನ ಪೂರ್ವದ ಸಫೋಕ್ ಸೀಮೆಯಲ್ಲಿ. ತಂದೆ ಮೊದಲು ಬ್ಯಾರನ್, 1753ರಿಂದ ಅರ್ಲ್. ಒಬ್ಬ ಚಿಕ್ಕಪ್ಪ ಫ್ರೆಡರಿಕ್ ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ, ಅಂದರೆ ಇಂಗ್ಲೆಂಡಿನ ಚರ್ಚಿಗೇ ಹಿರಿಯ. ಆ ಚಿಕ್ಕಪ್ಪನ ಅವಳಿ ಸೋದರ ಎಡ್ವರ್ಡ್ ಕೆನಡಾದಲ್ಲಿ ಹ್ಯಾಲಿಫ್ಯಾಕ್ಸ್ ಪಟ್ಟಣ ಕಟ್ಟಿಸಿದವನು. ಸ್ವಂತ ತಮ್ಮ ವಿಲಿಯಂ ನೌಕಾಪಡೆಯ ಅಡ್ಮಿರಲ್. ಇನ್ನೊಬ್ಬ ತಮ್ಮ ಬಿಷಪ್. ಚರ್ಚು, ಸೈನ್ಯ, ನೌಕಾಪಡೆ, ಸಂಸತ್ತು ನಾಲ್ಕೂ ಒಂದೇ ಊಟದ ಮೇಜಿನ ಸುತ್ತ ಕುಳಿತಿದ್ದವು.

ಈಟನ್ ಶಾಲೆಯಲ್ಲಿ ಆಟವಾಡುವಾಗ ಸಹಪಾಠಿಯ ಹಾಕಿ ಕೋಲು ತಗುಲಿ ಒಂದು ಕಣ್ಣಿಗೆ ಶಾಶ್ವತವಾದ ಪೆಟ್ಟಾಯಿತು. ಹೊಡೆದ ಹುಡುಗನೂ ಮುಂದೆ ಡರ್ಹ್ಯಾಮಿನ ಬಿಷಪ್ ಆದ, ಆ ಶಾಲೆಯ ಮಹಿಮೆಯೇ ಅಂಥದ್ದು. ಹದಿನೆಂಟು ತುಂಬುವ ಮೊದಲೇ, 1756ರಲ್ಲಿ, ಕಾಲಾಳು ಪಡೆಯಲ್ಲಿ ಅಧಿಕಾರಿ. ಸೈನಿಕ ವಿದ್ಯೆಯನ್ನು ಕಲಿಯಲೇಬೇಕೆಂದು ಇಟಲಿಯ ಟುರಿನ್‌ಗೆ ಹೋಗಿ ಶಾಲೆ ಸೇರಿದ. ಹಣ ಕೊಟ್ಟು ಹುದ್ದೆ ಕೊಳ್ಳುತ್ತಿದ್ದ ಆ ಕಾಲದ ಇಂಗ್ಲಿಷ್ ಅಧಿಕಾರಿಗಳಲ್ಲಿ ಇದು ಅಪರೂಪ. ಜರ್ಮನಿಯ ರಣರಂಗಗಳಲ್ಲಿ ಹೋರಾಡುತ್ತಿರುವಾಗಲೇ, 1760ರಲ್ಲಿ, ಮನೆತನದ ಹಿಡಿತದಲ್ಲಿದ್ದ 'ಐ' ಎಂಬ ಪುಟ್ಟ ಊರಿನಿಂದ ಬ್ರಿಟಿಷ್ ಸಂಸತ್ತಿನ ಕೆಳಮನೆಗೆ ಸದಸ್ಯನಾದ. 1762ರಲ್ಲಿ ತಂದೆ ತೀರಿಕೊಂಡ. ಇಪ್ಪತ್ಮೂರನೆಯ ವಯಸ್ಸಿಗೆ ಎರಡನೆಯ ಅರ್ಲ್ ಆಗಿ ಮೇಲ್ಮನೆಯಲ್ಲಿ, ಅಂದರೆ ಶ್ರೀಮಂತರ ಸಭೆಯಲ್ಲಿ, ಕುಳಿತ. ಮತ ಕೇಳಲು ಒಂದು ಮನೆಯ ಬಾಗಿಲನ್ನೂ ತಟ್ಟಿದವನಲ್ಲ.

ಅನುಮಾನಪ್ಪ

ಮೇಷ್ಟ್ರೇ, ಇಷ್ಟುದ್ದ ಏಕೆ? ದೊಡ್ಡ ಮನೆತನ, ಆದ್ದರಿಂದ ಸೋತರೂ ಶಿಕ್ಷೆ ಇಲ್ಲ. ಮುಗಿಯಿತಲ್ಲ.

ನಿವೃತ್ತಮೇಷ್ಟ್ರು

ಮುಗಿಯಲಿಲ್ಲ ಅನುಮಾನಪ್ಪನವರೇ. ಮನೆತನ ಒಂದೇ ಸಾಕಾಗಿದ್ದರೆ ಯಾರ್ಕ್‌ಟೌನಿನ ಆಪಾದನೆ ಹೊತ್ತ ಅವನ ಮೇಲಧಿಕಾರಿ ಹೆನ್ರಿ ಕ್ಲಿಂಟನ್ ಕೂಡ ಉಳಿದುಕೊಳ್ಳಬೇಕಿತ್ತು. ಅವನೂ ಅರ್ಲ್ ಮನೆತನದ ಮೊಮ್ಮಗನೇ. ಇಬ್ಬರೂ ಊರಿಗೆ ಮರಳಿ ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿ ಪರಸ್ಪರ ದೂರಿಕೊಂಡರು. ಜನ ಕಾರ್ನ್‌ವಾಲಿಸನನ್ನು ನಂಬಿದರು.

ಏಕೆ ನಂಬಿದರು ಎಂಬುದಕ್ಕೆ ಹಿಂದಿನ ಒಂದು ಘಟನೆ. 1766ರಲ್ಲಿ ಅಮೆರಿಕದ ವಸಾಹತುಗಳ ಮೇಲೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಹಕ್ಕು ತನಗಿದೆ ಎಂದು ಸಾರುವ ಕಾಯಿದೆಯನ್ನು ಬ್ರಿಟಿಷ್ ಸಂಸತ್ತು ತಂದಿತು. ಶ್ರೀಮಂತರ ಸಭೆಯಲ್ಲಿ ಅದಕ್ಕೆ ವಿರುದ್ಧವಾಗಿ ನಿಂತವರು ಐದೇ ಜನ. ಲಾರ್ಡ್ ಕ್ಯಾಮ್ಡೆನ್ ಮುಂದಾಳು, ಇಪ್ಪತ್ತೇಳರ ಹರೆಯದ ಕಾರ್ನ್‌ವಾಲಿಸ್ ಆ ಐವರಲ್ಲಿ ಒಬ್ಬ. ಅಮೆರಿಕನ್ನರ ಮೇಲೆ ಹೀಗೆ ತೆರಿಗೆ ಹೇರುವುದು ತಪ್ಪು ಎಂದು ಮತ ಹಾಕಿದವನು, ಹತ್ತು ವರ್ಷದ ಬಳಿಕ ಅದೇ ಅಮೆರಿಕನ್ನರನ್ನು ಬಗ್ಗುಬಡಿಯಲು ರಾಜ ಕರೆದಾಗ ಖಡ್ಗ ಕಟ್ಟಿಕೊಂಡು ಹೊರಟ. ಇವನ ಜೀವನವಿಡೀ ಹೀಗೆಯೇ, ನೋಡುತ್ತಾ ಹೋಗಿ. ಅಭಿಪ್ರಾಯ ಒಂದು ಕಡೆ, ಕೆಲಸ ಇನ್ನೊಂದು ಕಡೆ.

ಅಮೆರಿಕದಲ್ಲಿ ಅವನು ಬರೀ ಸೋತವನೂ ಅಲ್ಲ. 1780ರ ಆಗಸ್ಟಿನಲ್ಲಿ ದಕ್ಷಿಣ ಕೆರೊಲಿನಾದ ಕ್ಯಾಮ್ಡೆನ್ ಎಂಬಲ್ಲಿ ಜನರಲ್ ಗೇಟ್ಸನ ಸೈನ್ಯವನ್ನು ಧೂಳೀಪಟ ಮಾಡಿದ. ಮರುವರ್ಷದ ಮಾರ್ಚಿನಲ್ಲಿ ಗಿಲ್ಫರ್ಡ್ ಕೋರ್ಟ್‌ಹೌಸ್ ಬಳಿ ಮತ್ತೆ ಗೆದ್ದ, ಆದರೆ ತನ್ನ ಸೈನಿಕರಲ್ಲಿ ಕಾಲು ಭಾಗದಷ್ಟನ್ನು ಕಳೆದುಕೊಂಡು. ಅಂಥ ಇನ್ನೊಂದು ಗೆಲುವು ಬಂದಿದ್ದರೆ ಸೈನ್ಯವೇ ಉಳಿಯುತ್ತಿರಲಿಲ್ಲ. ಬಳಲಿದ ಪಡೆಯನ್ನು ವರ್ಜೀನಿಯಾದ ಯಾರ್ಕ್‌ಟೌನಿಗೆ, ಸಮುದ್ರದ ದಂಡೆಗೆ, ಹಡಗು ಬರುತ್ತದೆಂಬ ಭರವಸೆಯಲ್ಲಿ ತಂದು ನಿಲ್ಲಿಸಿದ. ಹಡಗೇನೋ ಬಂತು, ಫ್ರೆಂಚರದ್ದು. ಸಮುದ್ರದ ಕಡೆ ಡಿ ಗ್ರಾಸ್, ನೆಲದ ಕಡೆ ವಾಷಿಂಗ್ಟನ್ ಮತ್ತು ರೋಶಾಂಬೋ. 1781ರ ಅಕ್ಟೋಬರ್ 19ರಂದು ಏಳು ಸಾವಿರಕ್ಕೂ ಹೆಚ್ಚು ಸೈನಿಕರು ಆಯುಧ ಕೆಳಗಿಟ್ಟರು. ಕಾರ್ನ್‌ವಾಲಿಸ್ ಮಾತ್ರ ಮೈ ಹುಷಾರಿಲ್ಲ ಎಂದು ಹೇಳಿ ಕೆಳಗಿನ ಅಧಿಕಾರಿ ಓಹಾರನನ್ನು ಕಳಿಸಿದ. ಅವನು ಫ್ರೆಂಚ್ ಸೇನಾಪತಿಗೆ ಶರಣಾಗಲು ಹೋದರೆ ವಾಷಿಂಗ್ಟನ್ನನ ಕಡೆ ಕೈ ತೋರಿಸಿದರು. ನಿನ್ನ ಸೇನಾಪತಿ ಬರದಿದ್ದರೆ ನಾನೇಕೆ ಎಂಬಂತೆ ವಾಷಿಂಗ್ಟನ್ ತನ್ನ ಕೆಳಗಿನ ಲಿಂಕನ್ನನ ಕಡೆ ಕೈ ತೋರಿಸಿದ.

ಇನ್ನೊಂದು ಸ್ವಾರಸ್ಯ ಹೇಳದೆ ಇರಲಾರೆ. ಸೆರೆಯಾದ ಕಾರ್ನ್‌ವಾಲಿಸನಿಗೆ ಬದಲಾಗಿ ಬಿಡುಗಡೆಯಾದವನು ಅಮೆರಿಕದ ಹೆನ್ರಿ ಲಾರೆನ್ಸ್. ಲಾರೆನ್ಸನನ್ನು ಇಟ್ಟಿದ್ದದ್ದು ಲಂಡನ್ ಟವರಿನಲ್ಲಿ. 1771ರಿಂದ ಆ ಟವರಿನ ಅಧಿಪತಿಯ ಪದವಿ ಯಾರದ್ದು? ಸಾಕ್ಷಾತ್ ಕಾರ್ನ್‌ವಾಲಿಸನದೇ. ತನ್ನ ಸೆರೆಮನೆಯ ಕೈದಿಯನ್ನು ಬಿಟ್ಟು ತಾನು ಬಿಡಿಸಿಕೊಂಡ.

ಕೋಟೆಬೀದಿ

ಟವರಿನ ಕಥೆಯನ್ನು ಮಗನಿಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕ. ಆದರೆ ನನ್ನ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಗಲಿಲ್ಲ. ಭಾರತಕ್ಕೇ ಏಕೆ ಕಳಿಸಿದರು?

ನಿವೃತ್ತಮೇಷ್ಟ್ರು

ಕಲ್ಕತ್ತೆ ಆಗ ಲಂಚದ ಕೊಪ್ಪರಿಗೆಯಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ನೌಕರನ ಸಂಬಳ ಪುಡಿಗಾಸು, ಸ್ವಂತ ವ್ಯಾಪಾರದಲ್ಲಿ ಸಂಪಾದನೆ ಲಕ್ಷಗಟ್ಟಲೆ. ಹಿಂದಿನ ಗವರ್ನರ್ ಜನರಲ್ ಹೇಸ್ಟಿಂಗ್ಸನ ಮೇಲೆ ಸಂಸತ್ತಿನಲ್ಲಿ ದೋಷಾರೋಪಣೆಯ ಸಿದ್ಧತೆ ನಡೆಯುತ್ತಿತ್ತು. ಪ್ರಧಾನಿ ಪಿಟ್‌ಗೆ ಬೇಕಾಗಿದ್ದದ್ದು ಯುದ್ಧ ಗೆಲ್ಲುವವನಿಗಿಂತ ಹೆಚ್ಚಾಗಿ ಕಳ್ಳನಲ್ಲದವನು, ಕಂಪನಿಯವರು ಕಣ್ಣೆತ್ತಿ ನೋಡಲು ಅಂಜುವಷ್ಟು ದೊಡ್ಡ ಮನೆಯವನು. ಕಾರ್ನ್‌ವಾಲಿಸ್ ಮೊದಲು ಒಪ್ಪಲಿಲ್ಲ. ಕಲ್ಕತ್ತೆಯ ಆಡಳಿತ ಸಭೆಯ ಸದಸ್ಯರ ಬಹುಮತಕ್ಕೆ ಕಟ್ಟುಬಿದ್ದ ಗವರ್ನರ್ ಜನರಲ್ ಪದವಿ ತನಗೆ ಬೇಡ, ಅವರ ಮಾತನ್ನು ಮೀರಿ ನಡೆಯುವ ಅಧಿಕಾರ ಇರಬೇಕು, ದಂಡನಾಯಕನ ಪದವಿಯೂ ಜೊತೆಗಿರಬೇಕು ಎಂದು ಪಟ್ಟು ಹಿಡಿದ. 1786ರಲ್ಲಿ ಅದಕ್ಕಾಗಿಯೇ ಕಾಯಿದೆ ತಿದ್ದಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಲ್ಕತ್ತೆಗೆ ಬಂದಿಳಿದ.

ಕಾವೇರಿದಂಡೆ

ಶ್ರೀರಂಗಪಟ್ಟಣದ ಕಡೆಯವನು ನಾನು, ಇನ್ನು ಸುಮ್ಮನಿರಲಾಗುವುದಿಲ್ಲ. ಅವನು ಇಲ್ಲಿಗೆ ಬಂದು ಗೆದ್ದ ಎಂದು ಎಲ್ಲರೂ ಬರೆಯುತ್ತಾರೆ. ಮೊದಲ ಸಲ ಬಂದಾಗ ಏನಾಯಿತು ಎಂದು ಯಾರೂ ಬರೆಯುವುದಿಲ್ಲ.

1789ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನ್ ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದ. ಕಂಪನಿ ನಿಜಾಮನನ್ನೂ ಮರಾಠರನ್ನೂ ಜೊತೆಗೆ ಸೇರಿಸಿಕೊಂಡು ಯುದ್ಧ ಹೂಡಿತು. ಮದರಾಸಿನ ಜನರಲ್ ಮೆಡೋಸ್ 1790ರ ವರ್ಷವನ್ನೆಲ್ಲ ಕೊಯಮತ್ತೂರಿನ ಬಯಲಿನಲ್ಲಿ ಅಲೆದು ಕಳೆದ. ಆಗ ಕಾರ್ನ್‌ವಾಲಿಸ್ ತಾನೇ ಬಂದು ಸೇನೆಯ ಮುಂದಾಳಾದ. ಮುಗಳಿ ಘಟ್ಟ ಹತ್ತಿ, ಕೋಲಾರ, ಹೊಸಕೋಟೆ ದಾಟಿ 1791ರ ಮಾರ್ಚ್ 5ರಂದು ಬೆಂಗಳೂರಿನ ಎದುರು ಬೀಡುಬಿಟ್ಟ. 7ರಂದು ಹಲಸೂರು ಬಾಗಿಲು ಒಡೆದು ಪೇಟೆ ಹಿಡಿದರು. ಈಗ ಹಲಸೂರು ಗೇಟ್ ಪೊಲೀಸ್ ಠಾಣೆಯ ಹೆಸರಿನಲ್ಲಿ ಮಾತ್ರ ಉಳಿದಿರುವ ಬಾಗಿಲು ಅದೇ. ಕರ್ನಲ್ ಮೂರ್‌ಹೌಸ್ ಅಲ್ಲಿ ಸತ್ತ. 21ರ ರಾತ್ರಿ ಬೆಳದಿಂಗಳಲ್ಲಿ ಕೋಟೆಯ ಮೇಲೆ ಲಗ್ಗೆ. ಮುದುಕ ಬಹಾದೂರ್ ಖಾನ್ ಬಿರುಕಿನ ಬಾಯಿಯಲ್ಲೇ ಹೋರಾಡಿ ಬಿದ್ದ. ಅವನ ದೇಹವನ್ನು ಗೌರವದಿಂದ ಒಪ್ಪಿಸುತ್ತೇನೆಂದು ಕಾರ್ನ್‌ವಾಲಿಸ್ ಟಿಪ್ಪುವಿಗೆ ಹೇಳಿಕಳಿಸಿದ ಎಂಬುದನ್ನೂ ಹೇಳಬೇಕು, ಅದು ಅವನ ಲೆಕ್ಕಕ್ಕೇ ಸೇರಲಿ.

ಅಲ್ಲಿಂದ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣಕ್ಕೆ. ಅರಕೆರೆಯ ಬಳಿ 15ರಂದು ಕಾಳಗವಾಯಿತು, ಟಿಪ್ಪುವಿನ ಸೈನ್ಯ ಕೋಟೆಯ ಕಡೆಗೆ ಹಿಂದೆ ಸರಿಯಿತು. ಗೆದ್ದವನ ಪಾಡು ನೋಡಿ: ಮಳೆ ಹಿಡಿಯಿತು, ಮೇವಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಆಳುಗಳೇ ಹಗ್ಗ ಕಟ್ಟಿಕೊಂಡು ಕೆಸರಿನಲ್ಲಿ ಫಿರಂಗಿ ಎಳೆದರು. ಪಿರಿಯಾಪಟ್ಟಣದವರೆಗೆ ಬಂದಿದ್ದ ಇಂಗ್ಲಿಷ್ ಜನರಲ್ ಅಬರ್ಕ್ರಾಂಬಿಯ ಸೈನ್ಯವನ್ನು ಸೇರಿಕೊಳ್ಳೋಣವೆಂದು ಕನ್ನಂಬಾಡಿಯವರೆಗೆ ಹೋದವನು, ಅದೂ ಆಗದೆ, ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ಸಿಡಿಸಿ ಹಾಳುಮಾಡಿ ಹಿಂದೆ ಹೊರಟ. ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ.

ಹಿಂದಿರುಗುವ ದಾರಿಯಲ್ಲಿ ಮೇಲುಕೋಟೆಯ ದಿಕ್ಕಿನಿಂದ ಕುದುರೆ ಸವಾರರು ಬಂದರು. ಟಿಪ್ಪುವಿನವರೆಂದು ಬಂದೂಕು ಎತ್ತಿದರೆ, ಹರಿಪಂತ ಮತ್ತು ಪರಶುರಾಮ ಭಾವೂವಿನ ಮರಾಠಾ ಸೈನ್ಯ! ನಾಲ್ಕು ದಿನ ಮೊದಲು ಬಂದಿದ್ದರೆ ಫಿರಂಗಿ ಉಳಿಯುತ್ತಿತ್ತು. ಆ ಮರಾಠರ ಪಾಳೆಯದ ಸಂತೆಯಲ್ಲಿ ಬರ್ಮಿಂಗ್‌ಹ್ಯಾಮಿನ ಚಾಕುವಿನಿಂದ ಹಿಡಿದು ಕಾಶ್ಮೀರದ ಶಾಲಿನವರೆಗೆ ಎಲ್ಲವೂ ಮಾರಾಟಕ್ಕಿತ್ತು. ಹಸಿದ ಇಂಗ್ಲಿಷ್ ಸೈನಿಕರು ಕೇಳಿದ ಬೆಲೆ ಕೊಟ್ಟು ಕಾಳುಕಡ್ಡಿ ಕೊಂಡರು.

ಯಾರ್ಕ್‌ಟೌನಿನಲ್ಲಿ ಹಡಗಿಗಾಗಿ ಕಾದು ಕೆಟ್ಟವನು ಇಲ್ಲಿ ಎತ್ತಿಲ್ಲದೆ ಕೆಟ್ಟ. ಆದರೆ ಈ ಸಲ ಹಿಂದೆ ಸರಿಯಲು ದಾರಿ ಇತ್ತು, ಬೆಂಗಳೂರು ಕೈಯಲ್ಲಿತ್ತು. ವ್ಯತ್ಯಾಸ ಅಷ್ಟೇ ಎಂದು ನನಗನ್ನಿಸುತ್ತದೆ.

ಎತ್ತಿನಗಾಡಿ

ಕಾವೇರಿದಂಡೆಯವರೇ, ಎತ್ತಿನ ಮಾತು ತೆಗೆದಿರಿ, ಸಂತೋಷ. ಎರಡನೆಯ ಸಲ ಅವನು ಗೆದ್ದದ್ದೇ ಎತ್ತಿನಿಂದ. ಬೆಂಗಳೂರಿನಲ್ಲಿ ಕುಳಿತು ತಿಂಗಳುಗಟ್ಟಲೆ ದವಸ ಕೂಡಿಹಾಕಿದ, ಹೇರೆತ್ತಿನ ಮೇಲೆ ಧಾನ್ಯ ಸಾಗಿಸುವ ಲಂಬಾಣಿಗಳಿಗೆ ಹಣ ಕೊಟ್ಟು ಹಿಡಿದಿಟ್ಟುಕೊಂಡ. ದಾರಿಯ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ 21ಕ್ಕೆ ಸಾವನದುರ್ಗ. ಆಮೇಲಷ್ಟೇ ಶ್ರೀರಂಗಪಟ್ಟಣದ ದಾರಿ ಹಿಡಿದದ್ದು. ಒಂದು ವರ್ಷದಲ್ಲಿ ಪಾಠ ಕಲಿತ ಸೇನಾಪತಿ ಎಂದು ಒಪ್ಪಿಕೊಳ್ಳಲೇಬೇಕು.

ಕಾವೇರಿದಂಡೆ

ಒಪ್ಪಿದೆ. 1792ರ ಫೆಬ್ರವರಿ 6ರ ರಾತ್ರಿ ಮೂರು ದಂಡುಗಳಾಗಿ ಮುಳ್ಳುಬೇಲಿ ದಾಟಿ ದ್ವೀಪಕ್ಕೆ ನುಗ್ಗಿದರು. ಆ ಗೊಂದಲದಲ್ಲಿ ಕಾರ್ನ್‌ವಾಲಿಸನ ಕೈಗೂ ಸಣ್ಣ ಗಾಯವಾಯಿತು. ಮುತ್ತಿಗೆಯ ಸಾಮಗ್ರಿಗಾಗಿ ಲಾಲ್‌ಬಾಗ್ ತೋಟದ ಮರಗಳನ್ನೆಲ್ಲ ಕಡಿದು ಹಾಕಿದರು. ನಾನು ಹೇಳುತ್ತಿರುವುದು ನಮ್ಮೂರಿನ ಲಾಲ್‌ಬಾಗ್, ಬೆಂಗಳೂರಿನದಲ್ಲ. ಮಾರ್ಚ್ 18ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ. ಹಣ ತೀರುವವರೆಗೆ ಟಿಪ್ಪುವಿನ ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಒತ್ತೆಯಾಳುಗಳು.

ಆ ಪುಟ್ಟ ಮಕ್ಕಳ ಕೈ ಹಿಡಿದು ಕಾರ್ನ್‌ವಾಲಿಸ್ ತಂದೆಯಂತೆ ನಿಂತಿರುವ ಚಿತ್ರಗಳು ಇಂಗ್ಲೆಂಡಿನಲ್ಲಿ ಮನೆಮಾತಾದವು. ಸೈನ್ಯದ ಜೊತೆಗೇ ಇದ್ದ ರಾಬರ್ಟ್ ಹೋಮ್ ಬರೆದ, ಇಂಗ್ಲೆಂಡಿನಲ್ಲಿ ಕುಳಿತಿದ್ದ ಮ್ಯಾಥರ್ ಬ್ರೌನ್ ಸಹ ಬರೆದ. ಚೆನ್ನೈನ ಕೋಟೆಯ ವಸ್ತುಸಂಗ್ರಹಾಲಯದಲ್ಲಿರುವ ಅವನ ಅಮೃತಶಿಲೆಯ ಪ್ರತಿಮೆಯ ಪೀಠದ ಮೇಲೂ ಅದೇ ದೃಶ್ಯ. ಯಾರ್ಕ್‌ಟೌನನ್ನು ಇಂಗ್ಲಿಷರ ಮನಸ್ಸಿನಿಂದ ಒರೆಸಿಹಾಕಿದ್ದು ಈ ಚಿತ್ರಗಳೇ. ಮಕ್ಕಳನ್ನು ಅಪ್ಪನಿಂದ ಕಿತ್ತುಕೊಂಡವನು ಚಿತ್ರದಲ್ಲಿ ಮಾತ್ರ ಅಪ್ಪನಂತೆ ಕಾಣುತ್ತಾನೆ! 1794ರಲ್ಲಿ ದೇವನಹಳ್ಳಿಯಲ್ಲಿ ಮಕ್ಕಳನ್ನು ಟಿಪ್ಪುವಿಗೆ ಹಿಂದಿರುಗಿಸಿದರು, ಅಷ್ಟರಲ್ಲಿ ಕಾರ್ನ್‌ವಾಲಿಸ್ ಇಂಗ್ಲೆಂಡಿಗೆ ಹೋಗಿಯಾಗಿತ್ತು. ಅದನ್ನು ಅಷ್ಟು ಸಡಗರದಿಂದ ಯಾರೂ ಚಿತ್ರಿಸಲಿಲ್ಲ.

ನಿವೃತ್ತಮೇಷ್ಟ್ರು

ಚಿತ್ರದ ವಿಷಯ ಸರಿಯಾಗಿ ಹೇಳಿದಿರಿ. ಆದರೆ ನ್ಯಾಯವಾಗಿ ಇನ್ನೊಂದು ಮಾತು: ಯುದ್ಧದ ಲೂಟಿಯಲ್ಲಿ ದಂಡನಾಯಕನಿಗೆ ಬರಬೇಕಿದ್ದ ಪಾಲನ್ನು ಅವನು ಸೈನಿಕರಿಗೇ ಬಿಟ್ಟುಕೊಟ್ಟ. ಆ ಕಾಲದಲ್ಲಿ ಅದೊಂದು ಜೀವಮಾನದ ಸಂಪತ್ತು. ಕಂಪನಿ ನೌಕರರ ಸ್ವಂತ ವ್ಯಾಪಾರ ನಿಲ್ಲಿಸಿದ. ಕಲೆಕ್ಟರನಿಗೆ ತಿಂಗಳಿಗೆ 1500 ರೂಪಾಯಿ ಸಂಬಳ, ಮೇಲೆ ಕಂದಾಯ ವಸೂಲಿಯಲ್ಲಿ ನೂರಕ್ಕೆ ಒಂದರಷ್ಟು ಕಮಿಷನ್ ಗೊತ್ತುಮಾಡಿದ. ಹೊಟ್ಟೆ ತುಂಬಿದವನು ಕದಿಯುವುದಿಲ್ಲ ಎಂಬ ಸರಳ ಲೆಕ್ಕ. ಅದು ಬಹುಮಟ್ಟಿಗೆ ಫಲಿಸಿತು ಕೂಡ. ಮಕ್ಕಳನ್ನು ಗುಲಾಮರಾಗಿ ಹಡಗೇರಿಸಿ ಮಾರುವುದನ್ನು 1789ರಲ್ಲಿ ನಿಷೇಧಿಸಿದವನೂ ಅವನೇ.

ಗೇಣಿಚೀಟಿ

ಮೇಷ್ಟ್ರೇ, ಕೈ ಶುದ್ಧ ಎಂಬ ಒಂದು ಗುಣಕ್ಕೆ ಇಷ್ಟೊಂದು ಅಂಕ ಕೊಡಬೇಡಿ. ನಿಮ್ಮ ಆ ಸಂಬಳದ ಲೆಕ್ಕದ ಇನ್ನೊಂದು ಪುಟ ತಿರುಗಿಸಿ.

ಇಂಗ್ಲಿಷ್ ನೌಕರ ಲಂಚ ತಿಂದರೆ ಕಾರಣ ಏನು? ಸಂಬಳ ಸಾಲದು. ಪರಿಹಾರ ಏನು? ಸಂಬಳ ಹೆಚ್ಚಿಸು. ಭಾರತೀಯ ನೌಕರ ಲಂಚ ತಿಂದರೆ? ಅದು ಅವನ ಹುಟ್ಟುಗುಣ. ಪರಿಹಾರ? ಕೆಲಸದಿಂದಲೇ ದೂರ ಇಡು. ಹಿಂದೂಸ್ಥಾನದ ಪ್ರತಿಯೊಬ್ಬನೂ ಭ್ರಷ್ಟ ಎಂದು ನಂಬಿದ್ದ ಮನುಷ್ಯ ಇವನು. ಮೇಲಿನ ಹುದ್ದೆಗಳೆಲ್ಲ ನಮ್ಮವರಿಗೆ ಮುಚ್ಚಿದ್ದು ಇವನ ಕಾಲದಲ್ಲಿ. 1791ರಿಂದ ತಾಯಿ ಭಾರತೀಯಳಾಗಿದ್ದರೆ ಮಗನಿಗೆ ಕಂಪನಿಯ ಅಧಿಕಾರಿಯ ಹುದ್ದೆಯೂ ಇಲ್ಲ, ತಂದೆ ಇಂಗ್ಲಿಷನಾದರೂ ಸರಿಯೇ. ಒಂದೇ ರೋಗಕ್ಕೆ ಬಣ್ಣ ನೋಡಿ ಎರಡು ಔಷಧ ಬರೆದ ವೈದ್ಯನನ್ನು ಏನೆಂದು ಕರೆಯುತ್ತೀರಿ?

ಇನ್ನು ಜಮೀನಿನ ವಿಷಯ. ನಮ್ಮದು ಕರಾವಳಿಯ ಒಕ್ಕಲು ಮನೆ. ನನ್ನ ಅಜ್ಜ ಗೇಣಿ ಅಕ್ಕಿ ಅಳೆದು ಅಳೆದು ಬೆನ್ನು ಬಾಗಿಸಿಕೊಂಡವರು. 1974ರ ಕಾನೂನು ಬಂದ ಮೇಲೆಯೇ ಗದ್ದೆ ನಮ್ಮ ಹೆಸರಿಗೆ ಬಂದದ್ದು. ಆದ್ದರಿಂದ ಜಮೀನ್ದಾರಿ ಎಂಬ ಪದ ಕೇಳಿದರೆ ನನಗೆ ತಣ್ಣಗೆ ಚರ್ಚಿಸಲು ಬರುವುದಿಲ್ಲ, ಕ್ಷಮಿಸಿ.

1793ರ ಮಾರ್ಚ್ 22ರಂದು ಬಂಗಾಳ, ಬಿಹಾರಗಳಲ್ಲಿ ಕಂದಾಯವನ್ನು ಎಂದೆಂದಿಗೂ ಬದಲಾಗದಂತೆ ನಿಗದಿ ಮಾಡಿದ. ವಸೂಲಾದ ಗೇಣಿಯಲ್ಲಿ ಹನ್ನೊಂದರಲ್ಲಿ ಹತ್ತು ಪಾಲು ಕಂಪನಿಗೆ, ಒಂದು ಜಮೀನ್ದಾರನಿಗೆ. ಅಲ್ಲಿಯವರೆಗೆ ಕಂದಾಯ ವಸೂಲಿ ಮಾಡುತ್ತಿದ್ದವನು ರಾತ್ರೋರಾತ್ರಿ ಭೂಮಿಯ ಒಡೆಯನಾದ. ಉಳುವವನ ಹಕ್ಕು ಎಲ್ಲಿ ಹೋಯಿತು? ಹತ್ತು ವರ್ಷ ನೋಡೋಣ, ಆಮೇಲೆ ಕಾಯಂ ಮಾಡೋಣ ಎಂದು ಕಂದಾಯದ ಒಳಹೊರಗು ಬಲ್ಲ ಜಾನ್ ಶೋರ್ ಬೇಡಿಕೊಂಡರೂ ಕೇಳಲಿಲ್ಲ. ಗೊತ್ತಾದ ದಿನ ಸೂರ್ಯ ಮುಳುಗುವುದರೊಳಗೆ ಹಣ ಕಟ್ಟದಿದ್ದರೆ ಜಮೀನು ಹರಾಜು. ಎಷ್ಟೋ ಹಳೆಯ ಮನೆತನಗಳು ಮುಳುಗಿ, ಕಲ್ಕತ್ತೆಯಲ್ಲಿ ಕುಳಿತು ಹರಾಜು ಕೂಗುವವರು ಒಡೆಯರಾದರು.

ನಿವೃತ್ತಮೇಷ್ಟ್ರು

ಗೇಣಿಚೀಟಿಯವರೇ, ಎರಡು ಔಷಧದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮೂವತ್ತು ವರ್ಷ ಆ ಎರಡನ್ನೂ ಬೇರೆ ಬೇರೆ ಪಾಠಗಳಾಗಿ ಹೇಳಿದೆ, ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ.

ಜಮೀನ್ದಾರಿಯ ಬಗ್ಗೆ ಒಂದು ಊಹೆ ಹೇಳುತ್ತೇನೆ, ಊಹೆ ಎಂದೇ ತೆಗೆದುಕೊಳ್ಳಿ. ಅವನ ತಾಯಿಯ ತಂದೆ ಲಾರ್ಡ್ ಟೌನ್‌ಶೆಂಡ್ ಎಂಬವನು ಇಂಗ್ಲೆಂಡಿನ ಹೆಸರಾಂತ ಕೃಷಿ ಸುಧಾರಕ. ಟರ್ನಿಪ್ ಗೆಡ್ಡೆಯ ಬೆಳೆಯನ್ನು ಹರಡಿದ್ದಕ್ಕಾಗಿ ಜನ ಅವನನ್ನು 'ಟರ್ನಿಪ್ ಟೌನ್‌ಶೆಂಡ್' ಎಂದೇ ಕರೆಯುತ್ತಿದ್ದರು. ಇಂಥ ತಾತನ ಮೊಮ್ಮಗ, ಭೂಮಿ ಕಾಯಂ ಆದರೆ ಒಡೆಯನು ಕೆರೆ ಕಟ್ಟಿಸುತ್ತಾನೆ, ಕಾಡು ಕಡಿದು ಹೊಲ ಮಾಡುತ್ತಾನೆ ಎಂದು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ತನ್ನ ಮನೆಯವರನ್ನೇ ಬಂಗಾಳದಲ್ಲಿ ಹುಡುಕಿದ, ಸಿಕ್ಕಲಿಲ್ಲ.

ಎತ್ತಿನಗಾಡಿ

ಇದರಲ್ಲಿ ನಮ್ಮ ಸೀಮೆಗೆ ಸೇರಿದ ಒಂದು ತಿರುವಿದೆ. 1792ರಲ್ಲಿ ಟಿಪ್ಪುವಿನಿಂದ ಕಿತ್ತುಕೊಂಡ ಬಾರಾಮಹಲ್, ಅಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿಯ ಕಡೆ, ನೋಡಿಕೊಳ್ಳಲು ಕಾರ್ನ್‌ವಾಲಿಸ್ ಮದರಾಸಿನ ಸಿವಿಲ್ ನೌಕರರನ್ನು ನಂಬಲಿಲ್ಲ. ಅವರಿಗೆ ಜನರ ಭಾಷೆಯೇ ಬರುತ್ತಿರಲಿಲ್ಲ. ಬದಲಿಗೆ ಸೇನೆಯ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬವನನ್ನು, ಅವನ ಕೈಕೆಳಗೆ ಥಾಮಸ್ ಮನ್ರೋ ಮುಂತಾದವರನ್ನು ನೇಮಿಸಿದ. ಇವರು ಹೊಲ ಹೊಲ ತಿರುಗಿ, ಅಳತೆ ಮಾಡಿ, ಜಮೀನ್ದಾರನ ಗೊಡವೆಯಿಲ್ಲದೆ ನೇರವಾಗಿ ರೈತನ ಜೊತೆ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಅಲ್ಲಿ ರೂಪಿಸಿದರು. ಮನ್ರೋ 1799ರಲ್ಲಿ ಕೆನರಾ ಜಿಲ್ಲೆಗೆ ಬಂದ. ಕಾರ್ನ್‌ವಾಲಿಸನ ಪದ್ಧತಿಗೆ ಎದುರಾಳಿಯಾದ ಪದ್ಧತಿಯ ಬೀಜ ಬಿದ್ದದ್ದು ಅವನೇ ಮಾಡಿದ ನೇಮಕದಿಂದ.

ಗೇಣಿಚೀಟಿ

ಮನ್ರೋವನ್ನು ದೇವರು ಮಾಡಬೇಡಿ ಅಣ್ಣ. ಕೆನರಾದಲ್ಲಿ ಅವನು ಕಂದಾಯ ಗೊತ್ತುಮಾಡಿದ್ದು ವರ್ಗದಾರರ, ಅಂದರೆ ಭೂಮಾಲೀಕರ, ಜೊತೆ. ವರ್ಗದಾರನ ಕೆಳಗೆ ಕಾಯಂ ಒಕ್ಕಲಾದ ಮೂಲಗೇಣಿಯವನು, ಅವನ ಕೆಳಗೆ ಯಾವಾಗ ಬೇಕಾದರೂ ಬಿಡಿಸಬಹುದಾದ ಚಾಲಗೇಣಿಯವನು, ಎಲ್ಲರ ಕೆಳಗೆ ನನ್ನ ಅಜ್ಜನಂಥವರು. ಆದರೆ ನೀವು ಹೇಳಿದ ತಿರುವು ನನಗೆ ಗೊತ್ತಿರಲಿಲ್ಲ, ಚೆನ್ನಾಗಿದೆ.

ಲಿಫಿನದಿ

ಹತ್ತು ವರ್ಷದಿಂದ ಡಬ್ಲಿನ್‌ನಲ್ಲಿದ್ದೇನೆ. ಇಲ್ಲಿಯ ಕಾರ್ನ್‌ವಾಲಿಸನ ಕಥೆ ಯಾರೂ ಹೇಳದಿದ್ದರಿಂದ ನಾನು ಹೇಳುತ್ತೇನೆ. ಕೈ ಶುದ್ಧ ಎಂಬ ನಿಮ್ಮ ವಾದಕ್ಕೆ ಇದೇ ದೊಡ್ಡ ಪರೀಕ್ಷೆ.

1798ರಲ್ಲಿ ಐರ್ಲೆಂಡ್ ದಂಗೆಯೆದ್ದಿತು. ಜೂನಿನಲ್ಲಿ ಅವನನ್ನು ಲಾರ್ಡ್ ಲೆಫ್ಟಿನೆಂಟ್, ಅಂದರೆ ರಾಜನ ಪ್ರತಿನಿಧಿ, ಆಗಿಯೂ ದಂಡನಾಯಕನಾಗಿಯೂ ಕಳಿಸಿದರು, ಭಾರತದ ಹಾಗೆಯೇ ಎರಡು ಪದವಿ ಒಬ್ಬನಿಗೆ. ಬಂದವನು ಕಂಡದ್ದು ಗೆದ್ದ ಪಕ್ಷದವರು ಸೇಡಿನಿಂದ ಹಳ್ಳಿಗಳನ್ನು ಸುಡುತ್ತಿದ್ದದ್ದನ್ನು. ಶರಣಾದ ಸಾಮಾನ್ಯ ಬಂಡುಕೋರರಿಗೆ ಕ್ಷಮಾದಾನ ಕೊಡಿಸಿದ, ಅದಕ್ಕೆ ಇಲ್ಲಿಯ ಪ್ರಾಟೆಸ್ಟೆಂಟ್ ಜಮೀನ್ದಾರರಿಂದ ಬೈಗುಳ ತಿಂದ. ಆಗಸ್ಟಿನಲ್ಲಿ ಜನರಲ್ ಹಂಬರ್ಟ್ ಸಾವಿರ ಚಿಲ್ಲರೆ ಫ್ರೆಂಚ್ ಸೈನಿಕರೊಡನೆ ಪಶ್ಚಿಮದ ಕಿಲಾಲಾದಲ್ಲಿ ಇಳಿದಾಗ, ಕಾರ್ನ್‌ವಾಲಿಸ್ ದೊಡ್ಡ ಸೈನ್ಯದೊಂದಿಗೆ ಸುತ್ತುವರಿದು ಸೆಪ್ಟೆಂಬರ್ 8ರಂದು ಬ್ಯಾಲಿನಮಕ್‌ನಲ್ಲಿ ಮುಗಿಸಿದ. ಈ ಸಲ ಫ್ರೆಂಚರು ಶರಣಾದರು. ಜೊತೆಗಿದ್ದ ಐರಿಷರನ್ನು ಮಾತ್ರ ನೂರಾರು ಸಂಖ್ಯೆಯಲ್ಲಿ ಕೊಂದರು. ಕ್ಷಮಾದಾನದ ಕರುಣಾಳು ಅದೇ ಸೈನ್ಯದ ದಂಡನಾಯಕ ಎಂಬುದನ್ನು ಇಲ್ಲಿಯವರು ಮರೆತಿಲ್ಲ.

ಆಮೇಲೆ ಐರ್ಲೆಂಡನ್ನು ಬ್ರಿಟನ್ನಿನ ಜೊತೆ ಸೇರಿಸುವ ಒಕ್ಕೂಟದ ಕಾಯಿದೆ. ಡಬ್ಲಿನ್ನಿನ ಸಂಸತ್ತು ತನ್ನನ್ನು ತಾನೇ ಮುಚ್ಚಿಕೊಳ್ಳುವಂತೆ ಮತ ಹಾಕಬೇಕಿತ್ತು. 1799ರಲ್ಲಿ ಒಪ್ಪಲಿಲ್ಲ. ಒಪ್ಪಿಸಲು ಬಿರುದು, ಪಿಂಚಣಿ, ಹುದ್ದೆ ಹಂಚಬೇಕಾಯಿತು. ಹಂಚಿದವರು ಕಾರ್ನ್‌ವಾಲಿಸ್ ಮತ್ತು ಅವನ ಕಾರ್ಯದರ್ಶಿ ಕ್ಯಾಸಲ್‌ರೇ. ಈ ಹೊಲಸು ಕೆಲಸಕ್ಕೆ ಕೈ ಹಾಕಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಗುತ್ತಿದೆ ಎಂದು ಗೆಳೆಯನಿಗೆ ಕಾಗದ ಬರೆದ. ಬರೆದು ಮುಚ್ಚಿ, ಮತ್ತೆ ಹಂಚಲು ಕುಳಿತ. 1801ರ ಜನವರಿ 1ರಿಂದ ಐರ್ಲೆಂಡಿನ ಸಂಸತ್ತು ಇಲ್ಲವಾಯಿತು. ಆ ಕಟ್ಟಡ ಬ್ಯಾಂಕಿಗೆ ಮಾರಾಟವಾಯಿತು; ಇಂದಿಗೂ ಬ್ಯಾಂಕೇ.

ಒಂದು ಮಾತಿಗೆ ಮಾತ್ರ ಅವನು ಬದ್ಧನಾಗಿ ನಿಂತ. ಒಕ್ಕೂಟವಾದ ಮೇಲೆ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯುತ್ತದೆ ಎಂಬ ಭರವಸೆ ಇತ್ತು, ಅವನು ಅದನ್ನು ನಂಬಿದ್ದ. ರಾಜ ಮೂರನೆಯ ಜಾರ್ಜ್ ತನ್ನ ಪಟ್ಟಾಭಿಷೇಕದ ಪ್ರಮಾಣಕ್ಕೆ ವಿರುದ್ಧ ಎಂದು ತಳ್ಳಿಹಾಕಿದ. ಪಿಟ್ ರಾಜೀನಾಮೆ ಕೊಟ್ಟ, ಕಾರ್ನ್‌ವಾಲಿಸನೂ ಕೊಟ್ಟ.

ಅನುಮಾನಪ್ಪ

ಅಂದರೆ ಅಮೆರಿಕದಲ್ಲಿ ಇಷ್ಟವಿಲ್ಲದ ಯುದ್ಧ, ಐರ್ಲೆಂಡಿನಲ್ಲಿ ಇಷ್ಟವಿಲ್ಲದ ಲಂಚ. ಎರಡನ್ನೂ ಮಾಡಿದ. ನನ್ನ ಅನುಮಾನವೇ ವಾಸಿ, ಮೇಷ್ಟ್ರೇ. ಒಪ್ಪದ ಕೆಲಸವನ್ನು ಚೆನ್ನಾಗಿ ಮಾಡುವ ಪ್ರಾಮಾಣಿಕನಿಗಿಂತ ರಾಜನಿಗೆ ಬೇಕಾದವನು ಬೇರೆ ಯಾರು? ಕಳ್ಳನನ್ನು ಕಳಿಸಿದರೆ ಹೆಸರು ಕೆಡುತ್ತದೆ, ಇವನನ್ನು ಕಳಿಸಿದರೆ ಕೆಲಸವೂ ಆಗುತ್ತದೆ, ಹೆಸರೂ ಉಳಿಯುತ್ತದೆ. ಕೋಟೆಬೀದಿಯವರ ಬಡ್ತಿಯ ಪ್ರಶ್ನೆಗೆ ಉತ್ತರ ಅದೇ.

ನಿವೃತ್ತಮೇಷ್ಟ್ರು

ಅನುಮಾನಪ್ಪನವರು ಒಂದು ಸಾಲಿನಲ್ಲಿ ಹೇಳಿದ್ದನ್ನು ನಾನು ಮೂರು ಕಂತಿನಲ್ಲೂ ಹೇಳಲಾಗಲಿಲ್ಲ.

ಅವನ ಖಾಸಗಿ ಬದುಕಿನ ಒಂದು ಮಾತು ಸೇರಿಸಿ ಬಿಡುತ್ತೇನೆ. 1768ರಲ್ಲಿ ಜೆಮೈಮಾ ಎಂಬವಳನ್ನು ಮೆಚ್ಚಿ ಮದುವೆಯಾದ. ಅವನು ಅಮೆರಿಕಕ್ಕೆ ಹೋಗುವುದು ಅವಳಿಗೆ ಬೇಕಿರಲಿ‌ಲ್ಲ. ಕೊರಗಿ ಕಾಯಿಲೆ ಬಿದ್ದು 1779ರ ಫೆಬ್ರವರಿಯಲ್ಲಿ ತೀರಿಕೊಂಡಳು. ತನ್ನ ಸಮಾಧಿಯ ಮೇಲೆ, ಎದೆಯಿರುವ ಜಾಗಕ್ಕೆ ಸರಿಯಾಗಿ, ಒಂದು ಮುಳ್ಳಿನ ಗಿಡ ನೆಡಬೇಕೆಂದು ಕೇಳಿಕೊಂಡಿದ್ದಳಂತೆ. ಅವನು ಮತ್ತೆ ಮದುವೆಯಾಗಲಿಲ್ಲ, ಮತ್ತೆ ಅಮೆರಿಕಕ್ಕೇ ಹೋದ. ಯಾರ್ಕ್‌ಟೌನ್ ಆದದ್ದು ಹಾಗೆ ಮರಳಿ ಹೋದ ಮೇಲೆ.

ಗಾಜಿಪುರದಾರಿ

ಕೊನೆಯ ಭಾಗ ನನ್ನದಿರಲಿ, ನಾನು ಅವನ ಸಮಾಧಿ ನೋಡಿದ್ದೇನೆ. ಐರ್ಲೆಂಡಿನ ಬಳಿಕ 1802ರಲ್ಲಿ ಫ್ರಾನ್ಸಿನ ಜೊತೆ ಆಮಿಯೆನ್ಸ್ ಒಪ್ಪಂದಕ್ಕೆ ಸಹಿ ಹಾಕಿದ. ಎದುರಿಗೆ ಕುಳಿತದ್ದು ನೆಪೋಲಿಯನ್ನನ ಅಣ್ಣ ಜೋಸೆಫ್. ಶಾಂತಿ ಒಂದು ವರ್ಷ ಚಿಲ್ಲರೆ ಬಾಳಿತು. 1805ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಮತ್ತೆ ಭಾರತಕ್ಕೆ ಕಳಿಸಿದರು. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಯುದ್ಧಗಳಿಂದ ಕಂಪನಿಯ ಬೊಕ್ಕಸ ಬರಿದಾಗಿತ್ತು, ನಿಲ್ಲಿಸಲು ಒಬ್ಬ ಬೇಕಿತ್ತು. ಜುಲೈ ಕೊನೆಗೆ ಕಲ್ಕತ್ತೆ ತಲುಪಿ, ದೋಣಿಯಲ್ಲಿ ಗಂಗೆಯ ಮೇಲ್ಮುಖವಾಗಿ ಹೊರಟವನು ಅಕ್ಟೋಬರ್ 5ರಂದು ಗಾಜಿಪುರದಲ್ಲಿ ತೀರಿಕೊಂಡ.

ಸಮಾಧಿ ಗಂಗೆಗೆ ಹತ್ತಿರದಲ್ಲಿದೆ, ಮೇಲೆ ಗುಮ್ಮಟ, ಸುತ್ತ ದಪ್ಪ ಕಂಬಗಳು. ಒಳಗೆ ಅಮೃತಶಿಲೆಯಲ್ಲಿ ಅವನ ಮುಖ, ಅದರ ಸುತ್ತ ತಲೆ ತಗ್ಗಿಸಿ ನಿಂತ ಹಿಂದೂ, ಮುಸಲ್ಮಾನ, ಸಿಪಾಯಿಗಳು, ಎಲ್ಲರೂ ದುಃಖದಲ್ಲಿ. ನಾನು ಹೋದ ದಿನ ಕಾಲೇಜು ಹುಡುಗರು ಕಂಬಕ್ಕೆ ಒರಗಿ ಸ್ಪರ್ಧಾ ಪರೀಕ್ಷೆಗೆ ಓದುತ್ತಿದ್ದರು. ಒಬ್ಬನ ಕೈಯಲ್ಲಿದ್ದದ್ದು ಸಾಮಾನ್ಯ ಜ್ಞಾನದ ಪುಸ್ತಕ. ಒಳಗಿರುವವನು ಯಾರು ಎಂದು ಕೇಳಿದೆ. "ನಾಗರಿಕ ಸೇವೆಯ ಪಿತಾಮಹ" ಎಂದು ಪುಸ್ತಕದಿಂದ ತಲೆ ಎತ್ತದೆ ಹೇಳಿದ.

ಕಾವೇರಿದಂಡೆ

ಒಂದು ಸಣ್ಣ ಸೇರ್ಪಡೆ. ಕಾರ್ನ್‌ವಾಲಿಸ್ 1766ರಿಂದ ಸಾಯುವವರೆಗೆ 33ನೆಯ ಕಾಲಾಳು ರೆಜಿಮೆಂಟಿನ ಕರ್ನಲ್ ಆಗಿದ್ದ. ಯಾರ್ಕ್‌ಟೌನಿನಲ್ಲಿ ಆಯುಧ ಇಳಿಸಿದವರಲ್ಲಿ ಅದೂ ಒಂದು. ಅದೇ ರೆಜಿಮೆಂಟ್ 1799ರಲ್ಲಿ ರಿಚರ್ಡನ ತಮ್ಮ ಆರ್ಥರ್ ವೆಲ್ಲೆಸ್ಲಿಯ ಕೈಕೆಳಗೆ ನಮ್ಮೂರಿಗೆ ಬಂತು, ಸುಲ್ತಾನಪೇಟೆಯ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ ಪೆಟ್ಟು ತಿಂದಿತು. ಕಾರ್ನ್‌ವಾಲಿಸ್ ಸತ್ತ ಮೇಲೆ ಅದರ ಕರ್ನಲ್ ಪದವಿ ಹೋದದ್ದೂ ಈ ಆರ್ಥರನಿಗೇ.

ಕೋಟೆಬೀದಿ

ಎಲ್ಲರಿಗೂ ನಮಸ್ಕಾರ. ಪೂರ್ತಿ ಓದಿ ಹೇಳಿದೆ. ಮಗನಿಗೆ ಈಗ ಹೊಸ ಪ್ರಶ್ನೆ: ದಂಡದ ಹಣ ಕೊಟ್ಟು ಮುಗಿಯುವವರೆಗೆ ಆ ಇಬ್ಬರು ಹುಡುಗರು ಎರಡು ವರ್ಷ ಮದರಾಸಿನಲ್ಲಿ ಏನು ಮಾಡುತ್ತಿದ್ದರು, ಶಾಲೆಗೆ ಹೋಗುತ್ತಿದ್ದರೇ? ಇದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ. ಮುಂದಿನ ಭಾನುವಾರ ದೇವನಹಳ್ಳಿಗೆ ಹೊರಟಿದ್ದೇವೆ.